‘ಲುಕ್ ಇಂಟು ಇಟ್’ ಸರಿಯಾದರೆ ‘ಫಿಲ್ ಇನ್ ಇಟ್’ ಏಕೆ ತಪ್ಪು?

ಓದುಗರ ಪ್ರಶ್ನೆ

“ನಾನು ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ವರದಿ, ಪತ್ರಗಳನ್ನು ಬರೆಯುವ ಕೆಲಸದಲ್ಲಿದ್ದೇನೆ. ಕಾಲ, ವಚನ, ಆರ್ಟಿಕಲ್‌ಗಳಲ್ಲಿ ಅಷ್ಟಾಗಿ ಎಡವುವುದಿಲ್ಲ. ಆದರೆ ಕ್ರಿಯಾಪದದ ಪಕ್ಕದಲ್ಲಿ ಬರುವ ಅಪ್, ಆಫ್, ಔಟ್, ಇನ್, ಆನ್‌ಗಳು ಪ್ರತಿ ಸಲವೂ ಕೈಕೊಡುತ್ತವೆ. ಕ್ರಿಯಾಪದಕ್ಕೆ ಇಂಥ ಕಿರುಪದ ಸೇರಿ ಆಗುವ 400 ಫ್ರೇಸಲ್ ವರ್ಬ್‌ಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿದೆ. ಬರೆಯಲು ಕುಳಿತರೆ ಗಿವ್ ಅಪ್, ಗಿವ್ ಇನ್, ಗಿವ್ ಔಟ್ ಎಲ್ಲವೂ ಕಲಸಿಹೋಗುತ್ತವೆ. ಈಚೆಗೆ ಒಂದು ಪತ್ರದಲ್ಲಿ ‘ಪ್ಲೀಸ್ ಫಿಲ್ ಇನ್ ಇಟ್’ ಎಂದು ಬರೆದದ್ದನ್ನು ಮೇಲಧಿಕಾರಿಗಳು ‘ಫಿಲ್ ಇಟ್ ಇನ್’ ಎಂದು ತಿದ್ದಿದರು. ಅದೇ ಪತ್ರದ ‘ವಿ ವಿಲ್ ಲುಕ್ ಇಂಟು ಇಟ್’ ಅನ್ನು ಹಾಗೆಯೇ ಬಿಟ್ಟರು. ‘ಡಿಸ್ಕಸ್ ಅಬೌಟ್’ನಲ್ಲಿದ್ದ ಅಬೌಟ್ ಅನ್ನು ಹೊಡೆದುಹಾಕಿದರು. ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’ ಹಾಕಿ, ಔಪಚಾರಿಕ ಬರಹದಲ್ಲಿ ಫ್ರೇಸಲ್ ವರ್ಬ್ ಬರಲೇಬಾರದು, ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಲೂಬಾರದು ಎಂದರು. ಇದಕ್ಕೆಲ್ಲ ನಿಯಮವಿದೆಯೇ, ಅಥವಾ ಒಂದೊಂದನ್ನೂ ಹಾಗೆಯೇ ನೆನಪಿಡಬೇಕೇ?”

ತಜ್ಞರ ಉತ್ತರ

ಒಂದೇ ತೊಡಕಿನಂತೆ ಕಾಣುವ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ನಿಮ್ಮ ಪತ್ರದಲ್ಲಿವೆ. ಆ ಕಿರುಪದ ವಾಕ್ಯದಲ್ಲಿ ಎಲ್ಲಿ ಕೂರಬೇಕು, ಅದು ಸೇರಿದಾಗ ಕ್ರಿಯಾಪದದ ಅರ್ಥ ಹೇಗೆ ಬದಲಾಗುತ್ತದೆ, ಔಪಚಾರಿಕ ಬರಹಕ್ಕೆ ಅದು ಒಗ್ಗುತ್ತದೆಯೇ, ಕೆಲವು ಕಡೆ ಅದು ಬೇಕೇ ಬೇಡವೇ ಎಂಬ ಈ ನಾಲ್ಕಕ್ಕೂ ಉತ್ತರ ಸಿಗುವ ದಾರಿ ಬೇರೆ ಬೇರೆ. ಸ್ಥಾನದ ವಿಷಯದಲ್ಲಿ ಗಟ್ಟಿಯಾದ ನಿಯಮವೇ ಇದೆ. ಅರ್ಥದ ವಿಷಯದಲ್ಲಿ ನಿಯಮವಿಲ್ಲದಿದ್ದರೂ ಗುರುತಿಸಬಹುದಾದ ಒಲವುಗಳಿವೆ. ಔಪಚಾರಿಕತೆಯ ಬಗ್ಗೆ ನಿಮಗೆ ಹೇಳಿರುವುದು ಅರ್ಧ ಮಾತ್ರ ನಿಜ. ಕನ್ನಡ ಮನೆಮಾತಾಗಿರುವ ವಯಸ್ಕರಿಗೆ ಇಂಗ್ಲಿಷ್ ಬರವಣಿಗೆ ಕಲಿಸುವಾಗ ನಾನು ಮತ್ತೆ ಮತ್ತೆ ಕಂಡಿರುವುದೇನೆಂದರೆ, ಈ ನಾಲ್ಕನ್ನು ಬಿಡಿಸಿಕೊಳ್ಳದೆ ಒಂದೇ ಪಟ್ಟಿಯಲ್ಲಿ ಉರು ಹೊಡೆಯಲು ಹೊರಟವರು ಎಷ್ಟು ಶ್ರಮಪಟ್ಟರೂ ಬರೆಯುವ ಹೊತ್ತಿಗೆ ಬರಿಗೈಯಲ್ಲಿರುತ್ತಾರೆ. ತಪ್ಪು ಅವರ ನೆನಪಿನ ಶಕ್ತಿಯದಲ್ಲ, ಪಟ್ಟಿಯದು.

ಸ್ಥಾನದ ವಿಷಯದಿಂದಲೇ ತೊಡಗೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಇಂಗ್ಲಿಷ್ ವ್ಯಾಕರಣ ಕಲಿಸುವವರು ಹಿಂದಿನಿಂದಲೂ ಬಳಸುತ್ತ ಬಂದಿರುವ ಎರಡು ವಾಕ್ಯಗಳಿವೆ: ‘ಹಿ ರ‍್ಯಾನ್ ಅಪ್ ಎ ಹಿಲ್’ ಮತ್ತು ‘ಹಿ ರ‍್ಯಾನ್ ಅಪ್ ಎ ಬಿಲ್’. ಮೊದಲನೆಯದರಲ್ಲಿ ಅವನು ಗುಡ್ಡ ಹತ್ತಿ ಓಡಿದ. ಎರಡನೆಯದರಲ್ಲಿ ಅವನ ಲೆಕ್ಕದಲ್ಲಿ ಬಾಕಿ ಬೆಳೆಯಿತು. ಕಣ್ಣಿಗೆ ಎರಡೂ ಒಂದೇ ಅಚ್ಚಿನವು, ಆದರೆ ಒಳಗಿನ ಜೋಡಣೆ ಬೇರೆ. ಮೊದಲ ವಾಕ್ಯದ ‘ಅಪ್’ ಮುಂದಿನ ನಾಮಪದಕ್ಕೆ ಅಂಟಿಕೊಂಡಿದೆ, ‘ಅಪ್ ಎ ಹಿಲ್’ ಎಂಬುದೇ ಒಂದು ಘಟಕ. ಕನ್ನಡದಲ್ಲಿ ಆ ಕೆಲಸವನ್ನು ವಿಭಕ್ತಿ ಪ್ರತ್ಯಯವೋ ‘ಮೇಲೆ’, ‘ಒಳಗೆ’ಯಂಥ ಪದವೋ ಮಾಡುತ್ತದೆ. ಎರಡನೆಯ ವಾಕ್ಯದ ‘ಅಪ್’ ಹಿಂದಿನ ಕ್ರಿಯಾಪದಕ್ಕೆ ಸೇರಿದ್ದು, ‘ರ‍್ಯಾನ್ ಅಪ್’ ಎಂಬುದು ಅಲ್ಲಿ ಒಂದು ಘಟಕ. ಮೊದಲನೆಯದು ಪ್ರಿಪೊಸಿಷನ್, ಎರಡನೆಯದು ಕ್ರಿಯಾವಿಶೇಷಣದ ಜಾತಿಯ ಪಾರ್ಟಿಕಲ್. ಹೆಸರು ಮರೆತರೂ ತೊಂದರೆಯಿಲ್ಲ; ಕಿರುಪದ ಯಾರ ಕಡೆಯದು, ಕ್ರಿಯಾಪದದ್ದೋ ನಾಮಪದದ್ದೋ ಎಂದು ಕೇಳಿಕೊಳ್ಳುವ ಅಭ್ಯಾಸವಾದರೆ ಸಾಕು.

ಯಾರ ಕಡೆಯದು ಎಂದು ಪತ್ತೆ ಮಾಡಲು ಪರೀಕ್ಷೆಗಳಿವೆ. ಕಿರುಪದವನ್ನು ನಾಮಪದದ ಆಚೆಗೆ ಸರಿಸಿ ನೋಡಿ. ‘ರ‍್ಯಾನ್ ಎ ಬಿಲ್ ಅಪ್’ ಎನ್ನಬಹುದು, ‘ರ‍್ಯಾನ್ ಎ ಹಿಲ್ ಅಪ್’ ಎನ್ನಲಾಗದು. ‘ಟರ್ನ್ ಆಫ್ ದಿ ಲೈಟ್’, ‘ಟರ್ನ್ ದಿ ಲೈಟ್ ಆಫ್’ ಎರಡೂ ನಡೆಯುತ್ತವೆ. ‘ಲುಕ್ ಆಫ್ಟರ್ ದಿ ಚೈಲ್ಡ್’ ಇದ್ದಂತೆಯೇ ಇರಬೇಕು. ಎರಡನೆಯ ಪರೀಕ್ಷೆಯಲ್ಲಿ ಕ್ರಿಯಾಪದಕ್ಕೂ ಕಿರುಪದಕ್ಕೂ ನಡುವೆ ಒಂದು ಕ್ರಿಯಾವಿಶೇಷಣವನ್ನು ತೂರಿಸಿ. ‘ಲುಕ್ ಕೇರ್‌ಫುಲಿ ಅಟ್ ದಿ ಪಿಕ್ಚರ್’ ಸಹಜವಾಗಿದೆ, ‘ಟರ್ನ್ ಕ್ವಿಕ್ಲಿ ಆಫ್ ದಿ ಲೈಟ್’ ಕಿವಿಗೆ ಒಡೆದಂತೆ ಕೇಳುತ್ತದೆ. ಪ್ರಿಪೊಸಿಷನ್ ಹೇಗೂ ನಾಮಪದದ ಕಡೆಯದಾದ್ದರಿಂದ ಕ್ರಿಯಾಪದದಿಂದ ತುಸು ದೂರ ನಿಂತರೂ ಅದಕ್ಕೆ ಹಾನಿಯಿಲ್ಲ. ಮೂರನೆಯದು ಕಿವಿಯ ಪರೀಕ್ಷೆ. ಗಟ್ಟಿಯಾಗಿ ಹೇಳಿಕೊಂಡಾಗ ‘ಟರ್ನ್ ಇಟ್ ಆಫ್’ನಲ್ಲಿ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ನಲ್ಲಿ ಒತ್ತು ‘ಲುಕ್’ ಮೇಲೆ ಬಿದ್ದು ‘ಅಟ್’ ನುಂಗಿಹೋಗುತ್ತದೆ. ಎರಡು ಉಚ್ಚಾರಾಂಶಗಳಿರುವ ‘ಇಂಟು’, ‘ಓವರ್’ನಂಥವುಗಳಲ್ಲಿ ಈ ಮೂರನೆಯ ಪರೀಕ್ಷೆ ಅಷ್ಟು ನಿಖರವಲ್ಲ, ಅಲ್ಲಿ ಮೊದಲ ಪರೀಕ್ಷೆಯನ್ನೇ ನಂಬಿ.

ಈಗ ನಿಮ್ಮ ಪತ್ರದ ವಾಕ್ಯಗಳಿಗೆ ಬರೋಣ. ಕಿರುಪದ ಕ್ರಿಯಾಪದದ ಕಡೆಯದಾಗಿದ್ದು, ಕರ್ಮಸ್ಥಾನದಲ್ಲಿ ‘ಇಟ್’, ‘ದೆಮ್’, ‘ಹಿಮ್’, ‘ಹರ್’ನಂಥ ಸರ್ವನಾಮ ಇದ್ದರೆ, ಆ ಸರ್ವನಾಮ ನಡುವೆಯೇ ಬರಬೇಕು. ಇದು ಗಟ್ಟಿ ನಿಯಮ. ‘ಫಿಲ್ ಇನ್ ದಿ ಫಾರ್ಮ್’, ‘ಫಿಲ್ ದಿ ಫಾರ್ಮ್ ಇನ್’ ಎರಡೂ ಸರಿ. ಸರ್ವನಾಮ ಬಂದೊಡನೆ ‘ಫಿಲ್ ಇಟ್ ಇನ್’ ಒಂದೇ ಸರಿ. ‘ಲುಕ್ ಇಂಟು’ವಿನ ‘ಇಂಟು’ ನಾಮಪದದ ಕಡೆಯ ಪ್ರಿಪೊಸಿಷನ್ ಆದ್ದರಿಂದ ‘ಲುಕ್ ಇಂಟು ಇಟ್’ ಎನ್ನುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಿಮ್ಮ ಮೇಲಧಿಕಾರಿಗಳು ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟದ್ದು ಇದರಿಂದಲೇ, ಮತ್ತು ಅದು ಪೂರ್ತಿ ಸರಿ.

ಈ ನಿಯಮದ ಹಿಂದೆ ಒಂದು ಕಾರಣವೂ ಇದೆ, ಅದು ತಿಳಿದರೆ ನಿಯಮ ಮರೆಯುವುದಿಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಕೊನೆಯ ಸ್ಥಾನ ತೂಕದ ಸ್ಥಾನ. ಹೊಸ ಸಂಗತಿಯೂ ಉದ್ದದ ಪದಗುಚ್ಛವೂ ಅಲ್ಲಿಗೆ ಜಾರುತ್ತವೆ. ‘ಇಟ್’ ಎಂಬುದು ಆಗಲೇ ಗೊತ್ತಿರುವ ಸಂಗತಿ, ಅದಕ್ಕೆ ಒತ್ತೂ ಇಲ್ಲ, ಹಾಗಾಗಿ ಅದು ನಡುವೆ ಅಡಗಿ ಕೊನೆಯ ಸ್ಥಾನವನ್ನು ಒತ್ತುಳ್ಳ ಕಿರುಪದಕ್ಕೆ ಬಿಟ್ಟುಕೊಡುತ್ತದೆ. ಅದೇ ಕಾರಣಕ್ಕೆ ಕರ್ಮ ಬಹಳ ಉದ್ದವಾಗಿದ್ದರೆ ಕಿರುಪದವನ್ನು ಕೊನೆಗೆ ಒಯ್ಯಬಾರದು. ‘ಫಿಲ್ ಇನ್ ದಿ ಫಾರ್ಮ್ ದಟ್ ವಾಸ್ ಸೆಂಟ್ ಟು ಯು ಲಾಸ್ಟ್ ವೀಕ್’ ಎಂಬಲ್ಲಿ ‘ಇನ್’ ಅನ್ನು ವಾಕ್ಯದ ತುದಿಗೆ ತಳ್ಳಿದರೆ ಓದುಗ ಅದಕ್ಕಾಗಿ ಕಾದು ಕೂರಬೇಕಾಗುತ್ತದೆ.

ಸ್ಥಾನ ಕೇವಲ ಅಂದಚಂದದ ಮಾತಲ್ಲ, ಅರ್ಥವನ್ನೇ ಅದು ತಿರುಗಿಸಬಲ್ಲದು ಎಂಬುದಕ್ಕೆ ‘ಸೀ’ ಮತ್ತು ‘ಥ್ರೂ’ಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ‘ವಿ ಸಾ ಥ್ರೂ ದಿ ಪ್ಲ್ಯಾನ್’ ಎಂದರೆ ಆ ಯೋಜನೆಯ ಹಿಂದಿದ್ದ ಮೋಸ ನಮಗೆ ತಿಳಿದುಹೋಯಿತು ಎಂದು. ‘ವಿ ಸಾ ದಿ ಪ್ಲ್ಯಾನ್ ಥ್ರೂ’ ಎಂದರೆ ಅದನ್ನು ಕೊನೆಯವರೆಗೂ ನಡೆಸಿ ಮುಗಿಸಿದೆವು ಎಂದು. ಪದಗಳು ಅವೇ, ಕಾಲವೂ ಅದೇ. ‘ಥ್ರೂ’ ಮೊದಲನೆಯದರಲ್ಲಿ ನಾಮಪದದ ಕಡೆಗಿದೆ, ಎರಡನೆಯದರಲ್ಲಿ ಕ್ರಿಯಾಪದದ ಕಡೆಗಿದೆ. ವರದಿಯಲ್ಲಿ ಇವೆರಡು ಅದಲುಬದಲಾದರೆ ಸಹೋದ್ಯೋಗಿಗಳನ್ನು ಮೆಚ್ಚುವ ವಾಕ್ಯ ಅವರ ಮೇಲಿನ ಆರೋಪವಾಗಿಬಿಡುತ್ತದೆ.

ಎರಡೂ ಬಗೆಯ ಕಿರುಪದಗಳು ಒಂದೇ ಕ್ರಿಯಾಪದಕ್ಕೆ ಒಟ್ಟಿಗೆ ಸೇರುವುದೂ ಉಂಟು. ‘ಪುಟ್ ಅಪ್ ವಿತ್’, ‘ಲುಕ್ ಫಾರ್ವರ್ಡ್ ಟು’, ‘ರನ್ ಔಟ್ ಆವ್’ ಇಂಥವು. ಇಲ್ಲಿ ಮೊದಲ ಕಿರುಪದ ಕ್ರಿಯಾಪದದ್ದು, ಎರಡನೆಯದು ನಾಮಪದದ್ದು, ಆದ್ದರಿಂದ ಕರ್ಮ ಎಲ್ಲದರ ಕೊನೆಗೇ ಬರುತ್ತದೆ. ‘ಲುಕ್ ಫಾರ್ವರ್ಡ್ ಟು ಮೀಟ್ ಯು’ ಎಂಬ ತಪ್ಪು ಹುಟ್ಟುವುದು ಈ ‘ಟು’ವನ್ನು ಕ್ರಿಯಾಪದದ ಮೂಲರೂಪಕ್ಕೆ ಮೊದಲು ಬರುವ ‘ಟು’ ಎಂದು ಭಾವಿಸುವುದರಿಂದ. ಅದು ಪ್ರಿಪೊಸಿಷನ್, ಅದರ ನಂತರ ನಾಮಪದವೋ ‘ಮೀಟಿಂಗ್’ನಂಥ ಇಂಗ್-ರೂಪವೋ ಬರಬೇಕು.

ಇನ್ನು ಅರ್ಥ. ಫ್ರೇಸಲ್ ವರ್ಬ್‌ಗಳಿಗೆ ಯಾವ ತರ್ಕವೂ ಇಲ್ಲ ಎಂಬ ನಂಬಿಕೆ ಬಹಳ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದದ ನಂತರ ಕಿರುಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿ ಪರಭಾಷಿಕರಿಗೆ ಎಲ್ಲಕ್ಕಿಂತ ಹೆಚ್ಚಿನ ತೊಡಕು ಕೊಡುತ್ತದೆ ಎಂದು ಬರೆದಿದ್ದರು. ತೊಡಕು ನಿಜ. ಆದರೆ ಕನ್ನಡಿಗರಿಗೆ ಈ ಬಗೆಯ ರಚನೆ ಹೊಸದೇನಲ್ಲ ಎಂಬುದನ್ನು ಪಟ್ಟಿ ಹಿಡಿದು ಕಲಿಸುವವರು ಮರೆಯುತ್ತಾರೆ. ನಾವು ಕಾಗದವನ್ನು ಹರಿಯುತ್ತೇವೆ, ಹರಿದುಹಾಕುತ್ತೇವೆ. ಹಾಲು ಕುಡಿಯುತ್ತೇವೆ, ಕುಡಿದುಬಿಡುತ್ತೇವೆ. ಆ ‘ಹಾಕು’ವಿನಲ್ಲಿ ಯಾವುದನ್ನೂ ಎಲ್ಲಿಯೂ ಹಾಕುವುದಿಲ್ಲ, ‘ಬಿಡು’ವಿನಲ್ಲಿ ಯಾವುದನ್ನೂ ಬಿಡುವುದಿಲ್ಲ, ಕೆಲಸ ಪೂರ್ತಿಯಾಯಿತು ಎಂಬ ಭಾವವನ್ನಷ್ಟೇ ಅವು ಸೇರಿಸುತ್ತವೆ. ಇಂಗ್ಲಿಷಿನಲ್ಲಿ ‘ಟೇರ್’ ಮತ್ತು ‘ಟೇರ್ ಅಪ್’, ‘ಡ್ರಿಂಕ್’ ಮತ್ತು ‘ಡ್ರಿಂಕ್ ಅಪ್’, ‘ಯೂಸ್’ ಮತ್ತು ‘ಯೂಸ್ ಅಪ್’ಗಳ ನಡುವಿನ ಅಂತರ ಹೆಚ್ಚುಕಡಿಮೆ ಇದೇ. ಹೇಳಿಕೊಡು, ಬರೆದುಕೊಳ್ಳು, ಆಡಿಕೊಳ್ಳು ಎಂಬವುಗಳ ಅರ್ಥವನ್ನು ಬಿಡಿಪದಗಳಿಂದ ಕೂಡಿಸಿ ತೆಗೆಯಲಾಗದು. ಆದರೂ ಅವನ್ನು ನೀವು ಯಾವ ಪಟ್ಟಿಯಿಂದಲೂ ಕಲಿತವರಲ್ಲ. ಮಾತಿನ ಸಂದರ್ಭದಲ್ಲಿ ಕೇಳಿ ಕಲಿತಿರಿ.

ಕಿರುಪದಗಳ ಒಲವನ್ನು ಗುರುತಿಸುವುದು ಸಾಧ್ಯ, ಉಪಯುಕ್ತ ಕೂಡ. ‘ಔಟ್’ ಎಂದರೆ ಒಳಗಿನಿಂದ ಹೊರಗೆ. ಮರೆಯಲ್ಲಿದ್ದದ್ದು ಹೊರಗೆ ಬಂದರೆ ತಿಳಿದಂತಾಗುತ್ತದೆ, ಆದ್ದರಿಂದ ‘ಫೈಂಡ್ ಔಟ್’, ‘ಪಾಯಿಂಟ್ ಔಟ್’, ‘ಟರ್ನ್ ಔಟ್’. ಆದರೆ ಬೆಂಕಿ ಆರಿಸುವುದಕ್ಕೆ ‘ಪುಟ್ ಔಟ್’, ಒಂದು ಪ್ರಭೇದ ಅಳಿದುಹೋಗುವುದಕ್ಕೆ ‘ಡೈ ಔಟ್’. ಅಂದರೆ ಅದೇ ‘ಔಟ್’ ಕಾಣಿಸಿಕೊಳ್ಳುವುದಕ್ಕೂ ಬರುತ್ತದೆ, ಕಾಣೆಯಾಗುವುದಕ್ಕೂ ಬರುತ್ತದೆ. ನಕ್ಷತ್ರಗಳು ‘ಕಮ್ ಔಟ್’ ಆಗುತ್ತವೆ, ದೀಪಗಳು ‘ಗೋ ಔಟ್’ ಆಗುತ್ತವೆ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಸೇರಿಸಿಕೊಂಡರೆ ಇದು ವಿರೋಧಾಭಾಸವಲ್ಲ: ‘ಕಮ್’ ಅವನ ದೃಷ್ಟಿಯ ಕ್ಷೇತ್ರದೊಳಗೆ ಬರುವುದು, ‘ಗೋ’ ಅದರಿಂದಾಚೆ ಹೋಗುವುದು. ‘ಆಫ್’ನ ಮೂಲ ಭಾವ ಬೇರ್ಪಡುವುದು. ‘ಕಟ್ ಆಫ್’, ‘ಕಾಲ್ ಆಫ್’, ‘ಪುಟ್ ಆಫ್’ಗಳೆಲ್ಲ ಅದರಿಂದ ತಿಳಿಯುತ್ತವೆ. ಆದರೆ ‘ದಿ ಲೈಟ್ ವೆಂಟ್ ಆಫ್’ ಎಂದರೆ ದೀಪ ಆರಿತು, ‘ದಿ ಅಲಾರ್ಮ್ ವೆಂಟ್ ಆಫ್’ ಎಂದರೆ ಗಂಟೆ ಬಾರಿಸತೊಡಗಿತು! ಇಲ್ಲಿ ಒಲವಿನ ಲೆಕ್ಕಾಚಾರ ಸಾಲದು. ಕರ್ತೃ ಯಾವುದು ಎಂಬುದೇ ಅರ್ಥವನ್ನು ತೀರ್ಮಾನಿಸುತ್ತದೆ.

ನೀವು ಕಲಸಿಕೊಂಡಿರುವ ಮೂರು ‘ಗಿವ್’ಗಳೂ ಹೀಗೆಯೇ, ಅವುಗಳ ಜೊತೆಗಾರರನ್ನು ಹಿಡಿದರೆ ಬಿಡಿಸಿಕೊಳ್ಳುತ್ತವೆ. ‘ಗಿವ್ ಅಪ್’ ಜೊತೆಗೆ ಅಭ್ಯಾಸ, ಹುದ್ದೆ, ಪ್ರಯತ್ನ, ಆಸೆಗಳು ಬರುತ್ತವೆ. ಇಟ್ಟುಕೊಂಡಿದ್ದನ್ನು ಬಿಡುವುದು ಅದರ ಭಾವ. ‘ಗಿವ್ ಇನ್’ ನೇರವಾದ ಕರ್ಮವನ್ನು ಬೇಡದೆ ಸಾಮಾನ್ಯವಾಗಿ ‘ಟು’ ಮೂಲಕ ಒತ್ತಡವನ್ನೋ ಬೇಡಿಕೆಯನ್ನೋ ಕರೆತರುತ್ತದೆ: ‘ದೆ ಗೇವ್ ಇನ್ ಟು ದಿ ಡಿಮ್ಯಾಂಡ್’, ಮಣಿದರು. ‘ಗಿವ್ ಔಟ್’ ಜೊತೆಗೆ ಕರ್ಮವಿದ್ದರೆ ಹಂಚುವುದು. ಕರ್ಮವಿಲ್ಲದೆ ಕಾಲುಗಳೋ ಯಂತ್ರವೋ ಕರ್ತೃವಾಗಿದ್ದರೆ ಸೋತುಹೋಗುವುದು. ಪಟ್ಟಿಯಲ್ಲಿ ‘ಗಿವ್ ಅಪ್ ಎಂದರೆ ತ್ಯಜಿಸು’ ಎಂದಷ್ಟೇ ಇರುತ್ತದೆ. ಜೊತೆಗಾರ ಪದವನ್ನು ಕಿತ್ತುಹಾಕಿದ ಮೇಲೆ ಮೂರಕ್ಕೂ ನೆನಪಿನಲ್ಲಿ ಆಧಾರವೇ ಉಳಿಯುವುದಿಲ್ಲ.

ಎಷ್ಟು ಕಲಿಯಬೇಕು ಎಂಬ ಭಯಕ್ಕೂ ಇಲ್ಲಿ ಉತ್ತರ ಹೇಳಬೇಕು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ, ಸುಮಾರು 10 ಕೋಟಿ ಪದಗಳ ನಿಜ ಬಳಕೆಯ ಸಂಗ್ರಹವನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗೋ, ಕಮ್, ಟೇಕ್, ಗೆಟ್, ಸೆಟ್, ಕ್ಯಾರಿಯಂಥ 20 ಕ್ರಿಯಾಪದಗಳು ಔಟ್, ಅಪ್, ಆನ್, ಬ್ಯಾಕ್, ಡೌನ್, ಇನ್, ಓವರ್, ಆಫ್ ಎಂಬ 8 ಕಿರುಪದಗಳೊಂದಿಗೆ ಸೇರಿ ಉಂಟಾದ ಜೋಡಿಗಳೇ ಒಟ್ಟು ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚು ಎಂದು ಕಂಡುಬಂತು. 2015ರಲ್ಲಿ ಕಲಿಯುವವರಿಗಾಗಿಯೇ ಸಂಶೋಧಕರು ಸಿದ್ಧಪಡಿಸಿದ ಪಟ್ಟಿಯಲ್ಲಿ ಇರುವುದು ಅತಿ ಬಳಕೆಯ 150 ಜೋಡಿಗಳು, ಅವುಗಳ ಮುಖ್ಯ ಅರ್ಥಗಳೊಂದಿಗೆ. ಆದ್ದರಿಂದ 400ರ ಪಟ್ಟಿಯನ್ನು ಬದಿಗಿಡಿ. ಅದರಲ್ಲಿ ಅಪರೂಪದ್ದೂ ಅತಿ ಬಳಕೆಯದ್ದೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಔಪಚಾರಿಕ ಬರಹದಲ್ಲಿ ಫ್ರೇಸಲ್ ವರ್ಬ್ ಬರಲೇಬಾರದು ಎಂಬ ಮಾತಿಗೆ ಚರಿತ್ರೆಯ ಒಂದು ಹಿನ್ನೆಲೆಯಿದೆ. ಹಳೆಯ ಇಂಗ್ಲಿಷಿನಲ್ಲಿ ಇಂಥ ಕಿರುಪದಗಳು ಬಹುಮಟ್ಟಿಗೆ ಕ್ರಿಯಾಪದಕ್ಕೆ ಮೊದಲೇ ಅಂಟಿಕೊಳ್ಳುತ್ತಿದ್ದವು. ‘ಅಪ್‌ಹೋಲ್ಡ್’, ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’ಗಳು ಅಂಥ ಮಾದರಿಯ ಉಳಿಕೆಗಳು. ಮುಂದಿನ ಶತಮಾನಗಳಲ್ಲಿ ಕಿರುಪದ ಕ್ರಿಯಾಪದದ ನಂತರದ ಸ್ಥಾನಕ್ಕೆ ಸರಿದು ಬೇರೆ ಪದವಾಗಿ ನಿಂತಿತು. ಇಂದಿಗೂ ‘ಅಪ್‌ಹೋಲ್ಡ್’ ಎಂದರೆ ಎತ್ತಿಹಿಡಿಯುವುದು, ‘ಹೋಲ್ಡ್ ಅಪ್’ ಎಂದರೆ ಅನೇಕ ಸಲ ತಡೆಹಿಡಿಯುವುದು. ಅದೇ ಕಾಲಾವಧಿಯಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಕ್ರಿಯಾಪದಗಳು ರಾಶಿರಾಶಿಯಾಗಿ ಬಂದವು. ನ್ಯಾಯಾಲಯ, ಆಡಳಿತ, ವಿದ್ವತ್ತಿನ ಬರಹಗಳು ಅವುಗಳ ಪಾಲಾದವು. ‘ಪುಟ್ ಔಟ್’ ಮತ್ತು ‘ಎಕ್ಸ್‌ಟಿಂಗ್ವಿಶ್’, ‘ಲುಕ್ ಇಂಟು’ ಮತ್ತು ‘ಇನ್ವೆಸ್ಟಿಗೇಟ್’ ಎಂಬ ಜೋಡಿಗಳು ಉಳಿದುಕೊಂಡದ್ದು ಹೀಗೆ. ಆಡುಮಾತಿನಲ್ಲಿ, ಕಥೆಗಳಲ್ಲಿ ಫ್ರೇಸಲ್ ವರ್ಬ್ ಹೆಚ್ಚು, ವಿದ್ವತ್ ಬರಹದಲ್ಲಿ ಕಡಿಮೆ ಎಂಬುದು ನಿಜವೇ. ನಿಮ್ಮ ಮೇಲಧಿಕಾರಿಗಳ ಮಾತಿನಲ್ಲಿರುವ ಸತ್ಯ ಇಷ್ಟು.

ಆದರೆ ಅಲ್ಲಿಂದ ‘ಬರಲೇಬಾರದು’ ಎಂಬ ನಿಷೇಧಕ್ಕೆ ಹಾರುವುದು ತಪ್ಪು. ‘ಕ್ಯಾರಿ ಔಟ್’, ‘ಪಾಯಿಂಟ್ ಔಟ್’, ‘ರೂಲ್ ಔಟ್’, ‘ಸೆಟ್ ಔಟ್’ ಇಲ್ಲದ ವೈಜ್ಞಾನಿಕ ಪ್ರಬಂಧ, ತೀರ್ಪು, ಸರ್ಕಾರಿ ವರದಿ ಸಿಗುವುದು ಕಷ್ಟ. ಪ್ರಿಪೊಸಿಷನ್ ಸೇರಿದ ‘ಡಿಪೆಂಡ್ ಆನ್’, ‘ಅಕೌಂಟ್ ಫಾರ್’, ‘ರೆಫರ್ ಟು’ಗಳಂತೂ ವಿದ್ವತ್ ಬರಹದಲ್ಲಿಯೇ ಮನೆ ಮಾಡಿಕೊಂಡಿವೆ. ಎಲ್ಲವನ್ನೂ ಲ್ಯಾಟಿನ್ ಮೂಲದ ಒಂಟಿ ಪದದಿಂದ ಬದಲಿಸುವ ಹಟಕ್ಕೆ ಬಿದ್ದರೆ ಎರಡು ಅಪಾಯಗಳಿವೆ. ಒಂದು, ಅರ್ಥ ಜಾರುತ್ತದೆ. ‘ಫೈಂಡ್ ಔಟ್’ಗೆ ‘ಡಿಸ್ಕವರ್’ ಎಲ್ಲ ಕಡೆಯೂ ಸಮವಲ್ಲ. ರೈಲಿನ ವೇಳೆಯನ್ನು ವಿಚಾರಿಸಿ ತಿಳಿಯುವುದಕ್ಕೆ ಯಾರೂ ‘ಡಿಸ್ಕವರ್’ ಎನ್ನುವುದಿಲ್ಲ. ಇನ್ನೊಂದು, ಸಮನಾದ ಪದವೇ ಇರುವುದಿಲ್ಲ. ‘ದಿ ಮಷೀನ್ ಬ್ರೋಕ್ ಡೌನ್’ ಎಂಬುದನ್ನು ‘ಸೀಸ್ಡ್ ಟು ಫಂಕ್ಷನ್’ ಎಂದು ಬರೆದರೆ ಘನತೆ ಹೆಚ್ಚುವುದಿಲ್ಲ, ಓದುಗನಿಗೆ ಒಂದು ಕ್ಷಣ ತಡವಾಗುತ್ತದೆ ಅಷ್ಟೆ. ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’ ಹಾಕಿದ್ದನ್ನು ಮಾತ್ರ ನಾನು ಒಪ್ಪುತ್ತೇನೆ, ಬೇರೆ ಕಾರಣಕ್ಕೆ: ‘ಪುಟ್ ಆಫ್’ನಲ್ಲಿ ಮನಸ್ಸಿಲ್ಲದೆ ಮುಂದೂಡಿದ ಛಾಯೆ ಸೇರಿಕೊಳ್ಳಬಹುದು, ಜೊತೆಗೆ ಅದಕ್ಕೆ ‘ಉತ್ಸಾಹ ಕುಗ್ಗಿಸು’ ಎಂಬ ಇನ್ನೊಂದು ಅರ್ಥವೂ ಇದೆ. ಸಭೆ ಮುಂದೆ ಹೋಯಿತು ಎಂದು ತಿಳಿಸುವ ಪತ್ರಕ್ಕೆ ಈ ಎರಡೂ ಬೇಡ.

ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದು ಎಂಬುದು ಲ್ಯಾಟಿನ್ ವ್ಯಾಕರಣದ ನೆರಳು. ಕವಿ ಜಾನ್ ಡ್ರೈಡನ್ 1672ರ ಸುಮಾರಿಗೆ ಹಿಂದಿನ ತಲೆಮಾರಿನ ನಾಟಕಕಾರರೊಬ್ಬರಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ ಮೇಲೆ ಅದು ಶಾಲೆಯ ನಿಯಮದ ರೂಪ ಪಡೆಯಿತು. ಆದರೆ ‘ವಾಟ್ ಆರ್ ಯು ಲುಕಿಂಗ್ ಫಾರ್?’ ಎಂಬುದು ನಿರ್ದೋಷ ಇಂಗ್ಲಿಷ್. ‘ದಿ ಇಶ್ಯೂ ವಿ ಟಾಕ್ಡ್ ಅಬೌಟ್’ ಬದಲು ‘ದಿ ಇಶ್ಯೂ ಅಬೌಟ್ ವಿಚ್ ವಿ ಟಾಕ್ಡ್’ ಎಂದು ಬರೆಯುವುದು ಶೈಲಿಯ ಆಯ್ಕೆ. ಬಹಳ ಔಪಚಾರಿಕವಾದ ಕಡೆ ಅದು ಶೋಭಿಸುತ್ತದೆ. ಕ್ರಿಯಾಪದದ ಕಡೆಯ ಕಿರುಪದಕ್ಕಾದರೆ ಆ ಆಯ್ಕೆಯೂ ಇಲ್ಲ: ‘ದಿ ಲೈಟ್ಸ್ ವರ್ ಟರ್ನ್ಡ್ ಆಫ್’ ಎಂಬಲ್ಲಿ ‘ಆಫ್’ ಎಲ್ಲಿಗೂ ಹೋಗಲಾರದು.

‘ಡಿಸ್ಕಸ್ ಅಬೌಟ್’ ವಿಷಯ ಬೇರೆ. ಅಲ್ಲಿ ನಿಮ್ಮ ಮೇಲಧಿಕಾರಿಗಳು ಮಾಡಿದ ತಿದ್ದುಪಡಿ ಸರಿ. ಕಾರಣವನ್ನು ನಾನು ಹೇಳುತ್ತೇನೆ. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುವ ರೂಢಿ ಒಂದು ಕಡೆಯಿಂದ ಎಳೆಯುತ್ತದೆ. ಅದಕ್ಕಿಂತ ಬಲವಾಗಿ ಎಳೆಯುವುದು ಇಂಗ್ಲಿಷಿನ ಒಳಗಿನದೇ ಒಂದು ಹೋಲಿಕೆ. ‘ಡಿಸ್ಕಷನ್’ ಎಂಬ ನಾಮಪದಕ್ಕೆ ‘ಅಬೌಟ್’ನಂಥ ಪ್ರಿಪೊಸಿಷನ್ ಬೇಕು. ‘ಡಿಸ್ಕಸ್’ ಎಂಬ ಕ್ರಿಯಾಪದ ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ರಿಕ್ವೆಸ್ಟೆಡ್ ಫಾರ್ ಲೀವ್’ ತಪ್ಪು. ‘ಎಂಫಸಿಸ್ ಆನ್’ ಸರಿ, ‘ಎಂಫಸೈಸ್ ಆನ್’ ತಪ್ಪು. ‘ಆರ್ಡರ್’, ‘ಡಿಮ್ಯಾಂಡ್’ಗಳಲ್ಲಿಯೂ ಇದೇ ಗೆರೆ. ನಾಮಪದದ ಪ್ರಿಪೊಸಿಷನ್ ಕ್ರಿಯಾಪದಕ್ಕೆ ಅಂಟಿಕೊಂಡಿದೆಯೇ ಎಂದು ನಿಮ್ಮ ಹಳೆಯ ವರದಿಗಳನ್ನು ಒಮ್ಮೆ ಓದಿ ನೋಡಿ. ನಾನು ತಿದ್ದುವ ಬರಹಗಳಲ್ಲಿ ಅತಿ ಹೆಚ್ಚು ಸಿಗುವ ತಪ್ಪು ಇದೇ. ‘ಎಂಟರ್’ನಲ್ಲಿ ಮಾತ್ರ ಎಚ್ಚರ ಬೇಕು: ಕೋಣೆಗೆ ‘ಎಂಟರ್’ ಸಾಕು, ಒಪ್ಪಂದಕ್ಕೆ ‘ಎಂಟರ್ ಇಂಟು’ ಬೇಕು.

‘ಕೋಪ್ ಅಪ್ ವಿತ್’ ಎಂಬುದು ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ಗಳ ಸಹವಾಸದಿಂದ ಹುಟ್ಟಿದ ರೂಪ, ‘ಕೋಪ್ ವಿತ್’ ಎಂದಷ್ಟೇ ಬರೆಯಿರಿ. ಕನ್ನಡದ ‘ಆಫ್ ಮಾಡು’, ‘ಆನ್ ಮಾಡು’ಗಳ ಬಲದಿಂದ ‘ಪ್ಲೀಸ್ ಆಫ್ ದಿ ಲೈಟ್’ ಎನ್ನುವವರಿದ್ದಾರೆ. ಕನ್ನಡದಲ್ಲಿ ಕ್ರಿಯೆಯ ಭಾರವನ್ನು ‘ಮಾಡು’ ಹೊರುತ್ತದೆ, ಇಂಗ್ಲಿಷಿನಲ್ಲಿ ಆ ಸ್ಥಾನಕ್ಕೆ ‘ಟರ್ನ್’ ಅಥವಾ ‘ಸ್ವಿಚ್’ ಬರಲೇಬೇಕು.

ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆಗಳು ಬೇರೆಯಾಗುವ ಕಡೆಗಳೂ ಇವೆ. ಫಾರ್ಮನ್ನು ಬ್ರಿಟಿಷರು ಹೆಚ್ಚಾಗಿ ‘ಫಿಲ್ ಇನ್’ ಮಾಡುತ್ತಾರೆ, ಅಮೆರಿಕನ್ನರು ‘ಫಿಲ್ ಔಟ್’ ಮಾಡುತ್ತಾರೆ. ‘ವಾಶ್ ಅಪ್’ ಎಂದರೆ ಬ್ರಿಟನ್ನಿನಲ್ಲಿ ಪಾತ್ರೆ ತೊಳೆಯುವುದು, ಅಮೆರಿಕದಲ್ಲಿ ಕೈಮುಖ ತೊಳೆಯುವುದು. ತೀರ್ಪಿನ ವಿರುದ್ಧ ಮೇಲ್ಮನವಿಗೆ ಬ್ರಿಟಿಷ್ ಬಳಕೆಯಲ್ಲಿ ‘ಅಪೀಲ್ ಅಗೇನ್ಸ್ಟ್’ ರೂಢಿ, ಅಮೆರಿಕನ್ ಬಳಕೆಯಲ್ಲಿ ಪ್ರಿಪೊಸಿಷನ್ ಇಲ್ಲದೆಯೇ ‘ಅಪೀಲ್’. ಯಾವುದೂ ತಪ್ಪಲ್ಲ, ಒಂದು ವರದಿಯೊಳಗೆ ಎರಡನ್ನೂ ಬೆರೆಸಬೇಡಿ.

ಮುಂದೆ ಹೇಗೆ ಕಲಿಯುವುದು ಎಂಬುದಕ್ಕೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಫ್ರೇಸಲ್ ವರ್ಬ್‌ಗಳನ್ನು ಬರೆಯುವುದನ್ನೇ ಬಿಟ್ಟು ಒಂಟಿ ಪದಗಳಿಂದ ಕೆಲಸ ನಡೆಸುವುದು ಒಂದು. ಕೆಲವು ಕಾಲ ಇದು ತಪ್ಪುಗಳಿಂದ ಕಾಪಾಡುತ್ತದೆ. ಆದರೆ ನಿಮ್ಮ ಬರಹ ಬಿಗಿದುಕೊಳ್ಳುತ್ತದೆ, ಓದಿ ಅರ್ಥಮಾಡಿಕೊಳ್ಳಬೇಕಾದ ಕಡೆ ಈ ದಾರಿ ನೆರವಿಗೂ ಬರುವುದಿಲ್ಲ. ಕಿರುಪದದ ಪ್ರಕಾರ ಗುಂಪು ಮಾಡಿ, ‘ಅಪ್’ ಒಂದು ಕಡೆ, ‘ಔಟ್’ ಒಂದು ಕಡೆ ಎಂದು ಕಲಿಯುವುದು ಇನ್ನೊಂದು. ಹೊಸ ಜೋಡಿ ಎದುರಾದಾಗ ಅರ್ಥ ಊಹಿಸಲು ಇದು ಒಳ್ಳೆಯ ಸಹಾಯ, ಆದರೆ ಒಲವನ್ನೇ ನಿಯಮವೆಂದು ನಂಬಿ ಇಲ್ಲದ ಜೋಡಿಗಳನ್ನು ಕಟ್ಟಿಬಿಡುವ ಅಪಾಯವಿದೆ. ಮೂರನೆಯದು, ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಒಳ್ಳೆಯ ಬರಹಗಳಲ್ಲಿ ಕಂಡ ಜೋಡಿಯನ್ನು ಇಡೀ ವಾಕ್ಯದೊಂದಿಗೆ, ಕರ್ತೃ ಕರ್ಮ ಸಮೇತ, ಬರೆದಿಟ್ಟುಕೊಂಡು ಅದೇ ಜೊತೆಗಾರ ಪದದೊಂದಿಗೆ ಬಳಸುವುದು. ಇದು ನಿಧಾನ. ಮೊದಲ ತಿಂಗಳುಗಳಲ್ಲಿ ಏನೂ ಮುನ್ನಡೆ ಕಾಣದೆ ಬೇಸರವಾಗಬಹುದು. ಆದರೂ ನಿಮ್ಮಂತೆ ಬರೆಯುವುದೇ ಕೆಲಸವಾಗಿರುವವರಿಗೆ ನಾನು ಹೇಳುವುದು ಈ ದಾರಿಯನ್ನೇ. ಎರಡನೆಯದನ್ನು ಓದುವಾಗಿನ ಊಹೆಗೆ ಮಾತ್ರ ಇಟ್ಟುಕೊಳ್ಳಿ.

ಬರೆದಿಟ್ಟುಕೊಳ್ಳುವಾಗ ಕಲಿಯುವವರಿಗಾಗಿ ತಯಾರಿಸಿದ ನಿಘಂಟೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಂಥ ನಿಘಂಟುಗಳಲ್ಲಿ ಅನೇಕವು ‘ಸಮ್‌ಥಿಂಗ್’, ‘ಸಮ್‌ಬಡಿ’ ಎಂಬ ಪದಗಳನ್ನು ಇಟ್ಟಿರುವ ಜಾಗದಿಂದಲೇ ಸ್ಥಾನದ ನಿಯಮವನ್ನು ಹೇಳಿಬಿಡುತ್ತವೆ. ‘ಟರ್ನ್ ಸಮ್‌ಥಿಂಗ್ ಆಫ್’ ಎಂದಿದ್ದರೆ ಕಿರುಪದ ಕ್ರಿಯಾಪದದ್ದು, ‘ಇಟ್’ ನಡುವೆ ಹೋಗುತ್ತದೆ. ‘ಲುಕ್ ಆಫ್ಟರ್ ಸಮ್‌ಬಡಿ’ ಎಂದಿದ್ದರೆ ಸರ್ವನಾಮವೂ ಕೊನೆಗೇ. ಅಲ್ಲಿಯೇ ನಾಮಪದದ ರೂಪವನ್ನೂ ನೋಡಿಕೊಳ್ಳಿ: ಕ್ರಿಯಾಪದವಾಗಿರುವಾಗ ‘ಸೆಟ್ ಅಪ್’, ‘ಬ್ಯಾಕ್ ಅಪ್’, ‘ಲಾಗ್ ಇನ್’ ಎಂದು ಬಿಡಿಸಿ ಎರಡು ಪದಗಳಾಗಿ ಬರೆಯಬೇಕು, ನಾಮಪದವಾದಾಗ ಅವು ಕೂಡಿಕೊಂಡು ಒಂದೇ ಪದವಾಗುತ್ತವೆ, ಉಚ್ಚಾರದ ಒತ್ತೂ ಮೊದಲ ಭಾಗಕ್ಕೆ ಸರಿಯುತ್ತದೆ.